ಗ್ಯಾಂಗ್‌ವೇ ಕಾಯುವುದು, ದಡಕ್ಕೆ ಇಳಿಯುವುದು: ಹೊಸ ಹುಡುಗರಿಗೆ ಒಬ್ಬ ಬೋಸನ್‌ನ ಪಾಠ

ನಮ್ಮ ಊರಿನ ಒಬ್ಬ ಹುಡುಗ ಮುಂದಿನ ತಿಂಗಳು ಮೊದಲ ಸಲ ಹಡಗು ಹತ್ತುತ್ತಾನೆ. ಜಿಪಿ ರೇಟಿಂಗ್ ಅನ್ನುವ ನಾವಿಕ ತರಬೇತಿ ಮುಗಿಸಿದ್ದಾನೆ, ಸೆಕ್ಯುರಿಟಿ ಕೋರ್ಸಿನ ಸರ್ಟಿಫಿಕೇಟೂ ಕೈಯಲ್ಲಿದೆ. ಮೊನ್ನೆ ಮನೆಗೆ ಬಂದವನು ಚಹಾ ಕುಡಿಯುತ್ತಾ ಕೇಳಿದ: "ಅಣ್ಣಾ, ಈ ಐಎಸ್‌ಪಿಎಸ್ ಅಂದ್ರೆ ಹಡಗಿನಲ್ಲಿ ನಿಜವಾಗಿ ಎಂತ ಮಾಡ್ಬೇಕು?" ಕೋರ್ಸಿನಲ್ಲಿ ಹೇಳಿಕೊಟ್ಟಿಲ್ವಾ ಅಂದೆ. "ಸ್ಲೈಡ್ ತೋರಿಸಿದ್ರು" ಅಂದ. ಐಎಸ್‌ಪಿಎಸ್ ಅಂದರೆ ಹಡಗು ಮತ್ತು ಬಂದರುಗಳ ಭದ್ರತೆಗೆ ಇರುವ ಅಂತರರಾಷ್ಟ್ರೀಯ ನಿಯಮಗಳ ಪುಸ್ತಕ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸರಿ ಮಾಡಿ ಬರೆಯುತ್ತಿದ್ದೇನೆ.

ನಾನು 2001ರಲ್ಲಿ ಡೆಕ್ ಕೆಲಸಕ್ಕೆ ಸೇರಿದವನು. ಈಗ ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖಂಡ. ನಮ್ಮ ಹಳಬರ ಬಾಯಲ್ಲಿ ಸಾರಂಗ. ಅಪ್ಪ ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ದೋಣಿಯಲ್ಲಿದ್ದರು. ಅಲ್ಲಿ ಸೆಕ್ಯುರಿಟಿ ಅಂದರೆ ಹಲಗೆಯ ಬಾಯಲ್ಲೇ ಚಾಪೆ ಹಾಸಿ ಮಲಗುವ ಅಡುಗೆ ಹುಡುಗ. ಅವನನ್ನು ತುಳಿಯದೆ ಯಾರೂ ಒಳಗೆ ಬರುವ ಹಾಗಿರಲಿಲ್ಲ.

ದೊಡ್ಡ ಹಡಗುಗಳಲ್ಲೂ ಮೊದಲು ಹೆಚ್ಚುಕಡಿಮೆ ಹಾಗೆಯೇ ಇತ್ತು. 2000ದಲ್ಲಿ ಏಡನ್ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಕೋಲ್‌ಗೆ ಸ್ಫೋಟಕ ತುಂಬಿದ ದೋಣಿ ಬಂದು ಬಡಿಯಿತು. ಮರುವರ್ಷ ನ್ಯೂಯಾರ್ಕಿನ ಗೋಪುರಗಳು ಬಿದ್ದವು. 2002ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿರುವ ವಿಶ್ವಸಂಸ್ಥೆಯ ಕಡಲ ಸಂಸ್ಥೆ ಐಎಂಒದಲ್ಲಿ ಈ ಐಎಸ್‌ಪಿಎಸ್ ಕೋಡ್ ಒಪ್ಪಿದರು. 2004ರ ಜುಲೈ 1ರಿಂದ ಜಾರಿ. ವಿದೇಶಕ್ಕೆ ಹೋಗುವ 500 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳಿಗೆ, ಪ್ರಯಾಣಿಕರ ಹಡಗುಗಳಿಗೆ, ಅವು ನಿಲ್ಲುವ ಬಂದರುಗಳಿಗೆ ಇದು ಅನ್ವಯ. ಆ ಜುಲೈಯಲ್ಲಿ ನಾನು ಒಂದು ಬಲ್ಕ್ ಕ್ಯಾರಿಯರಿನಲ್ಲಿದ್ದೆ. ಒಂದೇ ವಾರದಲ್ಲಿ ಗ್ಯಾಂಗ್‌ವೇ (ದಡದಿಂದ ಹಡಗಿಗೆ ಹತ್ತುವ ಮೆಟ್ಟಿಲು) ಪಕ್ಕ ಮೇಜು ಬಂತು, ರಿಜಿಸ್ಟರ್ ಬಂತು, ಬಾಗಿಲುಗಳಿಗೆಲ್ಲ ಸ್ಟಿಕ್ಕರ್ ಬಂತು. ಚೀಫ್ ಆಫೀಸರ್ ರಾತ್ರಿ ಬೆಳಗಾಗುವುದರಲ್ಲಿ ಎಸ್‌ಎಸ್‌ಒ ಆದರು, ಅಂದರೆ ಹಡಗಿನ ಸೆಕ್ಯುರಿಟಿ ಆಫೀಸರ್. ಎಲ್ಲ ಬಂತು. ಕೆಲಸ ಮಾಡಲು ಇನ್ನೊಬ್ಬ ಮಾತ್ರ ಬರಲಿಲ್ಲ.

ಮೆಸ್‌ರೂಮಿನಲ್ಲಿ ಯಾರನ್ನು ಕೇಳಿದರೂ ಮೊದಲ ದೂರು ಇದೇ. ಕಳ್ಳರನ್ನು ದೂರ ಇಡುವುದು ಬೇಡ ಅನ್ನುವ ನಾವಿಕನನ್ನು ನಾನು ನೋಡಿಲ್ಲ. ಸಿಟ್ಟು ಇರುವುದು ಬೇರೆ ಕಡೆ. ಆರು ಗಂಟೆ ಮಳೆಯಲ್ಲಿ ನಿಂತು ಗ್ಯಾಂಗ್‌ವೇ ಕಾಯುವವನು ನಾನು. ವಾಚ್, ಅಂದರೆ ಕಾವಲಿನ ಪಾಳಿ, ಮುಗಿಸಿ, ಶರ್ಟು ಬದಲಿಸಿ ಬಂದರಿನ ಗೇಟಿಗೆ ಹೋದರೆ ಅನುಮಾನದಿಂದ ನೋಡುವುದೂ ನನ್ನನ್ನೇ. ಇದು ಒಂದೇ ಪುಸ್ತಕದ ಎರಡು ಪುಟ. ಮೊದಲನೇ ಪುಟವನ್ನು ಕೋರ್ಸಿನಲ್ಲಿ ಕಲಿಸುತ್ತಾರೆ. ಎರಡನೇ ಪುಟದಲ್ಲಿ ನಮಗೂ ಏನೋ ಬರೆದಿದೆ ಅಂತ ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಗ್ಯಾಂಗ್‌ವೇ ವಾಚ್

ಹಡಗು ಹತ್ತಿದ ಮೊದಲ ದಿನವೇ ಇಷ್ಟು ಬಾಯಿಪಾಠ ಮಾಡಿ: ಹಡಗಿನ ಸೆಕ್ಯುರಿಟಿ ಲೆವೆಲ್ ಎಷ್ಟು, ಬಂದರಿನದು ಎಷ್ಟು, ಎಸ್‌ಎಸ್‌ಒ ಯಾರು, ಕಂಪನಿಯ ಸೆಕ್ಯುರಿಟಿ ಆಫೀಸರ್ ಹೆಸರೇನು. ಪೋರ್ಟ್ ಸ್ಟೇಟ್ ಇನ್‌ಸ್ಪೆಕ್ಟರ್ (ಬಂದರಿನ ದೇಶದ ತಪಾಸಣಾಧಿಕಾರಿ) ಹತ್ತಿದರೆ ಕ್ಯಾಪ್ಟನ್ ಹತ್ತಿರ ಹೋಗುವ ಮುಂಚೆ ನಿಮ್ಮನ್ನೇ ಕೇಳುತ್ತಾನೆ. ನೀವು ತಡವರಿಸಿದರೆ ಅವನ ಅರ್ಧ ರಿಪೋರ್ಟು ಅಲ್ಲೇ ಮುಗಿಯಿತು.

ಲೆವೆಲ್ ಮೂರು ಇವೆ. ಒಂದು ಅಂದರೆ ದಿನನಿತ್ಯದ್ದು. ಎರಡು ಅಂದರೆ ಅಪಾಯ ಜಾಸ್ತಿಯಾಗಿದೆ ಅಂತ ಸುಳಿವು ಇದೆ. ಮೂರು ಅಂದರೆ ಅಪಾಯ ಬಾಗಿಲಲ್ಲೇ ಇದೆ. ಬಂದರು ಎರಡರಲ್ಲಿದ್ದರೆ ಹಡಗು ಒಂದರಲ್ಲಿ ಇರುವಂತಿಲ್ಲ, ಏರಿಸಲೇಬೇಕು.

ಈಗ ಮೇಜು. ರಿಜಿಸ್ಟರ್, ಬ್ಯಾಡ್ಜ್‌ಗಳು, ವಾಕಿಟಾಕಿ, ಟಾರ್ಚ್, ಅವತ್ತು ಬರುವವರ ಪಟ್ಟಿ. ಪೆನ್ನು ಎರಡು ಇಡಿ, ಒಂದನ್ನು ಯಾರಾದರೂ ಒಯ್ದೇ ಒಯ್ಯುತ್ತಾರೆ. ಯಾರು ಬಂದರೂ ಮೊದಲು ಐಡಿ. ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಡ್ಯೂಟಿ ಆಫೀಸರನ್ನು ಕರೆಯಿರಿ. ಅವರು ಬರುವ ತನಕ ಆ ಮನುಷ್ಯ ಗ್ಯಾಂಗ್‌ವೇ ಬುಡದಲ್ಲೇ ನಿಲ್ಲಲಿ. ಹೆಸರು, ಕಂಪನಿ, ಐಡಿ ನಂಬರ್, ಬಂದ ಹೊತ್ತು, ಬ್ಯಾಡ್ಜ್ ನಂಬರ್ ಬರೆಯಿರಿ. ಬ್ಯಾಗ್ ಇದ್ದರೆ ಅವನೇ ತೆರೆದು ತೋರಿಸಲಿ, ನೀವು ಒಳಗೆ ಕೈ ಹಾಕಬೇಡಿ. ಆಮೇಲೆ ಅವನನ್ನು ಕರೆದುಕೊಂಡು ಹೋಗುವವರು ಬರಬೇಕು. ಒಬ್ಬನನ್ನೇ "ಮೇಲೆ ಹೋಗಿ, ಎಡಕ್ಕೆ ತಿರುಗಿ" ಅಂತ ಕಳಿಸಬಾರದು.

ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. 2009ರಲ್ಲಿ ದಕ್ಷಿಣ ಅಮೆರಿಕದ ಒಂದು ಬಂದರು, ಬೆಳಗ್ಗೆ ಎಂಟೂವರೆ. ಲೋಡಿಂಗ್ ಶುರುವಾಗುವ ಗಡಿಬಿಡಿ. ಬಿಳಿ ಹೆಲ್ಮೆಟ್ಟು, ಇಸ್ತ್ರಿ ಮಾಡಿದ ಬಾಯ್ಲರ್ ಸೂಟು, ಕಂಕುಳಲ್ಲಿ ಫೈಲು. "ಸರ್ವೇಯರ್" ಅಂದ, ನಕ್ಕ, ಮೇಲೆ ಹೋದ. ಫೈಲು ಹಿಡಿದವನನ್ನು ತಡೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಇಪ್ಪತ್ತು ನಿಮಿಷದ ನಂತರ ಕ್ಯಾಪ್ಟನ್ ಜೊತೆ ಇಳಿದು ಬಂದ. ಅವನು ಇನ್‌ಸ್ಪೆಕ್ಟರ್. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್ ತನಕ ನಡೆದು ಹೋಗಿದ್ದಾನೆ, ದಾರಿಯಲ್ಲಿ ಯಾರೂ ಕೇಳಿಲ್ಲ. ಅವನು ಬೈಯಲಿಲ್ಲ. ರಿಜಿಸ್ಟರ್ ತಿರುಗಿಸಿ, ಖಾಲಿ ಸಾಲಿನ ಮೇಲೆ ಬೆರಳಿಟ್ಟು, ನನ್ನ ಪೆನ್ನನ್ನೇ ತೆಗೆದುಕೊಂಡು ತನ್ನ ಹೆಸರು ತಾನೇ ಬರೆದ. ಬಂದ ಹೊತ್ತು 08:30 ಅಂತಲೂ ಬರೆದ. ಆ ಸಾಲು ಇವತ್ತೂ ಕಣ್ಣಿಗೆ ಕಟ್ಟಿದಂತಿದೆ.

ಕೋರ್ಸಿನಲ್ಲಿ ಹೇಳದ ತೊಂದರೆ ಒಂದಿದೆ. ಗ್ಯಾಂಗ್‌ವೇ ವಾಚಿನವನಿಗೆ ಗ್ಯಾಂಗ್‌ವೇ ಒಂದೇ ಕೆಲಸ ಅಲ್ಲ. ನೀರು ಏರಿಳಿದ ಹಾಗೆ ಹಗ್ಗ ಸಡಿಲಿಸಬೇಕು, ಬಿಗಿಯಬೇಕು, ಡ್ರಾಫ್ಟ್ (ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ) ನೋಡಬೇಕು, ಗ್ಯಾಂಗ್‌ವೇ ಎತ್ತರ ಸರಿ ಮಾಡಬೇಕು. ನೀವು ಮುಂಭಾಗಕ್ಕೆ ಹೋಗಿ ಹಗ್ಗ ಹಿಡಿದಿರುವಾಗ ಮೇಜಿನ ಹತ್ತಿರ ಯಾರಿದ್ದಾರೆ? ಯಾರೂ ಇಲ್ಲ. ಹಡಗಿನ ಸೆಕ್ಯುರಿಟಿ ಪ್ಲಾನ್ ಬರೆದವರು ಇಬ್ಬರಿದ್ದಾರೆ ಅಂತ ಬರೆದಿರುತ್ತಾರೆ. ಇರುವುದು ಒಬ್ಬ. ನಾನು ಹೇಳುವುದಿಷ್ಟು: ಮೇಜು ಬಿಡುವ ಮುಂಚೆ ವಾಕಿಟಾಕಿಯಲ್ಲಿ ಡ್ಯೂಟಿ ಆಫೀಸರಿಗೆ ತಿಳಿಸಿ. ಬದಲಿಗೆ ಯಾರೂ ಬರದಿದ್ದರೆ, ಒಪ್ಪಿಗೆ ಕೇಳಿ ಗ್ಯಾಂಗ್‌ವೇಯನ್ನು ಜೆಟ್ಟಿಯಿಂದ ಒಂದು ಆಳೆತ್ತರ ಎತ್ತಿಬಿಡಿ. ಕೆಳಗೆ ನಿಂತವನು ಕೂಗಲಿ, ಪರವಾಗಿಲ್ಲ.

ಹಮಾಲರ ಗ್ಯಾಂಗ್ ಬಂದಾಗ ಮೂವತ್ತು ಜನ ಒಟ್ಟಿಗೆ ಹತ್ತುತ್ತಾರೆ. ಒಬ್ಬೊಬ್ಬರದೇ ಐಡಿ ನೋಡುತ್ತಾ ನಿಂತರೆ ಫೋರ್‌ಮನ್ ಕಿರುಚುತ್ತಾನೆ. ಅವನ ಹತ್ತಿರ ಗ್ಯಾಂಗ್ ಲಿಸ್ಟ್ ಇರುತ್ತದೆ, ಅದನ್ನು ಇಸಿದುಕೊಳ್ಳಿ. ಹತ್ತುವಾಗ ಎಣಿಸಿ, ಇಳಿಯುವಾಗ ಎಣಿಸಿ. ಮೂವತ್ತು ಹತ್ತಿ ಇಪ್ಪತ್ತೊಂಬತ್ತು ಇಳಿದರೆ ಕೂಡಲೇ ಹೇಳಿ. ಹೆಚ್ಚಿನ ಸಲ ಅವನು ಎಲ್ಲೋ ಬೀಡಿ ಸೇದುತ್ತಿರುತ್ತಾನೆ.

ವಿಶ್ರಾಂತಿಯ ಲೆಕ್ಕ ಮಾತ್ರ ಸುಳ್ಳು ಬರೆಯಬೇಡಿ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ನಿಮ್ಮ ಹಕ್ಕು. ಲೆವೆಲ್ ಎರಡಾದರೆ ವಾಚ್ ಡಬಲ್ ಆಗುತ್ತದೆ, ಜನ ಅಷ್ಟೇ. ಆಗ ಶೀಟಿನಲ್ಲಿ ಚಂದ ಕಾಣಲಿ ಅಂತ ಗಂಟೆಗಳನ್ನು ಹೊಂದಿಸಿ ಬರೆಯುತ್ತಾರೆ. ನೀವು ಸೈನ್ ಹಾಕಿದರೆ ನಿದ್ದೆ ಮಾಡಿದ್ದೀರಿ ಅಂತಲೇ ಅರ್ಥ.

ಬಾಗಿಲುಗಳು, ಡ್ರಿಲ್, ಆ ಬಟನ್

ಬಂದರಿನಲ್ಲಿ ಒಂದು ಬಾಗಿಲು ಬಿಟ್ಟು ಉಳಿದದ್ದೆಲ್ಲ ಮುಚ್ಚುತ್ತಾರೆ. ಸರಿಯೇ. ಆದರೆ ತುರ್ತು ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯಬೇಕು. ನಿಮ್ಮ ಕ್ಯಾಬಿನ್ನಿನಿಂದ ಹತ್ತಿರದ ಬಾಗಿಲಿಗೆ ಒಮ್ಮೆ ಕಣ್ಣುಮುಚ್ಚಿ ನಡೆದು ಹೋಗಿ ನೋಡಿ. ಬೆಂಕಿ ಬಿದ್ದರೆ ಹೊಗೆಯಲ್ಲಿ ಅದೇ ಕೆಲಸ ಮಾಡಬೇಕು. ಹಗ್ಗ ಕಟ್ಟಿದ್ದೋ ಪ್ಯಾಡ್‌ಲಾಕ್ ಹಾಕಿದ್ದೋ ಕಂಡರೆ ಎಸ್‌ಎಸ್‌ಒಗೆ ಹೇಳಿ. ಕಳ್ಳನಿಗೆ ಹೆದರಿ ಬೆಂಕಿಯಲ್ಲಿ ಸಿಕ್ಕಿಕೊಳ್ಳುವುದಾ?

ಸೆಕ್ಯುರಿಟಿ ಡ್ರಿಲ್, ಅಂದರೆ ತಾಲೀಮು, ಮೂರು ತಿಂಗಳಿಗೊಮ್ಮೆ. ಕಾಲುಭಾಗಕ್ಕಿಂತ ಜಾಸ್ತಿ ಜನ ಒಟ್ಟಿಗೆ ಬದಲಾಗಿ, ಬಂದವರು ಮೂರು ತಿಂಗಳಲ್ಲಿ ಆ ಹಡಗಿನ ಡ್ರಿಲ್ ಮಾಡಿಲ್ಲದಿದ್ದರೆ ಒಂದು ವಾರದೊಳಗೆ ಮಾಡಬೇಕು. ಬ್ರಿಡ್ಜ್‌ನಲ್ಲಿ ಒಂದು, ಇನ್ನೊಂದು ಕಡೆ ಒಂದು ಗುಟ್ಟಿನ ಬಟನ್ ಇರುತ್ತದೆ. ಒತ್ತಿದರೆ ಹಡಗಿನಲ್ಲಿ ಗಂಟೆ ಹೊಡೆಯುವುದಿಲ್ಲ, ಸುದ್ದಿ ಸೀದಾ ದಡಕ್ಕೆ ಹೋಗುತ್ತದೆ. ಬ್ರಿಡ್ಜ್ ಒರೆಸುವಾಗ ಬಟ್ಟೆ ಎಲ್ಲಿಗೆ ಹೋಗುತ್ತಿದೆ ಅಂತ ನೋಡಿಕೊಳ್ಳಿ.

ಹೊರಡುವ ಮುಂಚಿನ ಹುಡುಕಾಟ

ಬಂದರು ಬಿಡುವ ಮುಂಚೆ ಕದ್ದು ಹತ್ತಿದವರು ಇದ್ದಾರಾ ಅಂತ ಹಡಗು ಹುಡುಕಬೇಕು. 2022ರ ನವೆಂಬರಿನಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಹೊರಟ ಅಲಿತಿನಿ 2 ಅನ್ನುವ ಟ್ಯಾಂಕರ್ 11 ದಿನದ ಮೇಲೆ ಸ್ಪೇನಿನ ಲಾಸ್ ಪಾಲ್ಮಾಸ್ ಮುಟ್ಟಿತು. ನೋಡಿದರೆ ಚುಕ್ಕಾಣಿಯ ಹಲಗೆ ಮೇಲೆ ಮೂರು ಜನ ಕೂತಿದ್ದಾರೆ, ಕಾಲ ಕೆಳಗೆ ನೀರು. ಆ ಫೋಟೋ ಎಲ್ಲ ಹಡಗುಗಳ ಮೆಸ್‌ರೂಮಿನಲ್ಲೂ ಓಡಾಡಿತು. ಚುಕ್ಕಾಣಿಯ ಮೇಲಿನ ಪೊಳ್ಳು ಡೆಕ್ಕಿನಿಂದ ಕಾಣುವುದಿಲ್ಲ. ಹಡಗು ಖಾಲಿ ಇದ್ದು ಮೇಲೆದ್ದಿದ್ದರೆ ಅದು ನೀರಿನಿಂದ ಹೊರಗಿರುತ್ತದೆ. ಜೆಟ್ಟಿಯಿಂದ ಅಥವಾ ಬೋಟಿನಿಂದ ಟಾರ್ಚ್ ಬಿಟ್ಟು ನೋಡಬೇಕು.

ಇಬ್ಬಿಬ್ಬರಾಗಿ ಹೋಗಿ. ಪೇಂಟ್ ಸ್ಟೋರ್, ಕ್ರೇನ್ ಕ್ಯಾಬಿನ್, ಚಿಮಣಿಯ ಒಳಗು, ಲೈಫ್‌ಬೋಟ್, ಹಗ್ಗದ ಸುರುಳಿಯ ನಡುವೆ. ಬೀಗ ಹಾಕಿದೆ ಅಂತ ಬಿಡಬೇಡಿ. ಬೀಗ ಹಾಕುವ ಮುಂಚೆಯೇ ಅವನು ಒಳಗಿದ್ದರೆ? ಮುಚ್ಚಿದ ಹೋಲ್ಡಿಗೂ (ಸರಕಿನ ಕೋಣೆ) ಚೈನ್ ಲಾಕರಿಗೂ (ಲಂಗರಿನ ಸರಪಳಿ ಇಡುವ ಕೋಣೆ) ಮಾತ್ರ ಗಾಳಿ ಪರೀಕ್ಷೆ ಆಗದೆ ಇಳಿಯಬಾರದು, ಯಾರು ಹೇಳಿದರೂ. ಯಾರಾದರೂ ಸಿಕ್ಕರೆ ಕೈ ಮಾಡಬೇಡಿ. ನೀರು ಕೊಡಿ, ಕ್ಯಾಪ್ಟನ್ನಿಗೆ ಹೇಳಿ. ನನಗೆ ಒಮ್ಮೆ ಪೇಂಟ್ ಸ್ಟೋರಿನಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಒಂದು ಬಾಟಲಿ ನೀರು, ಅರ್ಧ ಪ್ಯಾಕೆಟ್ ಬಿಸ್ಕತ್ತು. ನನ್ನ ಅಕ್ಕನ ಮಗನ ವಯಸ್ಸು. ಹಡಗು ಇನ್ನೂ ಜೆಟ್ಟಿಯಲ್ಲೇ ಇತ್ತು, ಪೊಲೀಸರು ಬಂದು ಇಳಿಸಿಕೊಂಡರು. ಹೋಗುವಾಗ ಬಿಸ್ಕತ್ತು ಕೈಯಲ್ಲೇ ಹಿಡಿದಿದ್ದ.

ಇನ್ನೊಂದು, ಯಾರ ಪಾರ್ಸೆಲ್ಲೂ ಒಯ್ಯಬೇಡಿ. ಊರಿನವರದ್ದಾದರೂ ಸರಿ, ಬಿಚ್ಚಿ ನೋಡದೆ ಮುಟ್ಟಬೇಡಿ. 2019ರಲ್ಲಿ ಎಂಎಸ್‌ಸಿ ಗಯಾನೆ ಅನ್ನುವ ಕಂಟೇನರ್ ಹಡಗಿನಲ್ಲಿ ಫಿಲಡೆಲ್ಫಿಯಾದಲ್ಲಿ ಟನ್‌ಗಟ್ಟಲೆ ಕೊಕೇನ್ ಸಿಕ್ಕಿತು. ಸಿಬ್ಬಂದಿಯಲ್ಲೇ ಕೆಲವರು ಅದರಲ್ಲಿ ಸೇರಿಕೊಂಡಿದ್ದರು. ಗೇಟಿನವನು ನಮ್ಮನ್ನು ಅನುಮಾನದಿಂದ ನೋಡುತ್ತಾನೆ ಅಂತ ನಾನು ಗೊಣಗುವಾಗೆಲ್ಲ ಈ ಹಡಗೂ ನೆನಪಾಗುತ್ತದೆ.

ದೋಣಿ ಕಂಡ ತಕ್ಷಣ ಕಡಲ್ಗಳ್ಳ ಅಲ್ಲ

ಇದು ನಮ್ಮ ಕರಾವಳಿಯ ಹುಡುಗರು ಬೇರೆಯವರಿಗೆ ಹೇಳಿಕೊಡಬೇಕಾದ ವಿಷಯ. 2012ರ ಫೆಬ್ರವರಿ 15ರಂದು ಕೇರಳದ ತೀರದಾಚೆ ಎನ್ರಿಕಾ ಲೆಕ್ಸಿ ಅನ್ನುವ ಟ್ಯಾಂಕರಿನಲ್ಲಿದ್ದ ಇಟಲಿಯ ಸೈನಿಕರು ಸೇಂಟ್ ಆಂಟನಿ ದೋಣಿಯ ಮೇಲೆ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಆ ವಾರ ನಾನು ಅರಬ್ಬಿ ಸಮುದ್ರದಲ್ಲೇ ಇದ್ದೆ, ನಮ್ಮ ಹಡಗಿನಲ್ಲೂ ಬಂದೂಕಿನ ಗಾರ್ಡುಗಳಿದ್ದರು. ನನ್ನ ಚಿಕ್ಕಪ್ಪ ಮಲ್ಪೆಯ ದೋಣಿಯಲ್ಲಿ ಅದೇ ಸಮುದ್ರದಲ್ಲಿದ್ದರು.

ಲುಕ್‌ಔಟ್ ನಿಂತಾಗ ಬೈನಾಕ್ಯುಲರಿನಲ್ಲಿ ಮೊದಲು ಬಲೆ ಹುಡುಕಿ. ಬಲೆ, ಬೆಂಡು, ಐಸ್ ಪೆಟ್ಟಿಗೆ ಇದ್ದರೆ ಮೀನಿನವರು. ಅವರು ಹಡಗಿನ ಕಡೆಗೆ ನುಗ್ಗಿ ಬಂದು ಬಟ್ಟೆ ಬೀಸುತ್ತಾರೆ, ಕೂಗುತ್ತಾರೆ. ಅದು ಹೆದರಿಸಲು ಅಲ್ಲ. ಮುಂದೆ ಬಲೆ ಇದೆ, ತಿರುಗಿಸಿ ಅಂತ. ಲಕ್ಷಾಂತರ ರೂಪಾಯಿಯ ಬಲೆ ಮಾರಾಯ, ಓಡಿ ಬರದೆ ಏನು ಮಾಡುತ್ತಾರೆ? ಏಣಿ, ಕೊಕ್ಕೆ, ಬಲೆಯಿಲ್ಲದ ದೋಣಿಯಲ್ಲಿ ಆರೇಳು ಜನ, ಹಿಂದಿನಿಂದ ಜೋರು ವೇಗ ಕಂಡರೆ ಮಾತ್ರ ಎದೆ ಹೊಡೆದುಕೊಳ್ಳಲಿ. ಎರಡರಲ್ಲೂ ಬ್ರಿಡ್ಜ್‌ಗೆ ಕಂಡದ್ದನ್ನೇ ಹೇಳಿ: "ಎಡಗಡೆ ದೋಣಿ, ನಾಲ್ಕು ಜನ, ಬಲೆ ಇದೆ." "ಪೈರೇಟ್" ಅನ್ನುವ ಮಾತು ನಿಮ್ಮ ಬಾಯಿಂದ ಮೊದಲು ಬರುವುದು ಬೇಡ.

ದಡಕ್ಕೆ ಇಳಿಯುವುದು ಹೇಗೆ

ಈಗ ಎರಡನೇ ಪುಟ. ಇದೇ ಐಎಸ್‌ಪಿಎಸ್ ಕೋಡಿನಲ್ಲಿ, ಬಂದರಿನ ಸೆಕ್ಯುರಿಟಿ ಪ್ಲಾನಿನಲ್ಲಿ ಏನೇನು ಇರಬೇಕು ಅನ್ನುವ ಪಟ್ಟಿಯಲ್ಲಿ, ಹಡಗಿನವರು ಶೋರ್ ಲೀವ್, ಅಂದರೆ ಬಿಡುವಿನಲ್ಲಿ ದಡಕ್ಕೆ, ಹೋಗಲು ಅನುಕೂಲ ಮಾಡಿಕೊಡುವ ವ್ಯವಸ್ಥೆ ಇರಬೇಕು ಅಂತ ಬರೆದಿದೆ. ನಾವಿಕರ ಕ್ಷೇಮ ನೋಡುವ ಸಂಸ್ಥೆಯವರು, ಯೂನಿಯನ್‌ನವರು ಹಡಗಿಗೆ ಬರಲು ದಾರಿ ಇರಬೇಕು ಅಂತಲೂ ಇದೆ. ಹಾಗಾಗಿ "ಐಎಸ್‌ಪಿಎಸ್ ಇದೆ, ಅದಕ್ಕೇ ಇಳಿಯಲು ಬಿಡುವುದಿಲ್ಲ" ಅಂತ ಯಾರಾದರೂ ಹೇಳಿದರೆ ಅವರು ಪೂರ್ತಿ ಓದಿಲ್ಲ. 2013ರಲ್ಲಿ ಜಾರಿಗೆ ಬಂದ ನಾವಿಕರ ಕೆಲಸದ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿಯೂ ಆರೋಗ್ಯಕ್ಕಾಗಿ ಶೋರ್ ಲೀವ್ ಕೊಡಬೇಕು ಅನ್ನುತ್ತದೆ. 2018ರಿಂದ ಜಾರಿಯಲ್ಲಿರುವ ಬಂದರಿನ ಕಾಗದಪತ್ರ ಸುಲಭ ಮಾಡುವ ಫಾಲ್ ಒಪ್ಪಂದದ ತಿದ್ದುಪಡಿ ಇನ್ನೂ ಮುಂದೆ ಹೋಗುತ್ತದೆ. ದೇಶ, ಬಣ್ಣ, ಧರ್ಮ ನೋಡಿ ತಡೆಯುವಂತಿಲ್ಲ. ತಡೆದರೆ ಅಧಿಕಾರಿಗಳು ಕಾರಣ ಹೇಳಬೇಕು. ಕೇಳಿದರೆ ಬರೆದು ಕೊಡಬೇಕು.

ಅಮೆರಿಕದ ಕಥೆ ಬೇರೆ. ಅಲ್ಲಿಗೆ ಹೋಗುವ ಮುಂಚೆ ನಾವಿಕರಿಗೆ ಕೊಡುವ ಸಿ1/ಡಿ ವೀಸಾ ಪಾಸ್‌ಪೋರ್ಟಿನಲ್ಲಿ ಇರಬೇಕು. ಬಂದ ಮೇಲೆ ಅಧಿಕಾರಿ ಹಡಗು ಹತ್ತಿ ಇಳಿಯುವ ಪರ್ಮಿಟ್ ಕೊಡುತ್ತಾರೆ, ಹೆಚ್ಚೆಂದರೆ 29 ದಿನ. ಇಷ್ಟಾದರೂ ಹಡಗಿನಿಂದ ಗೇಟಿನ ತನಕ ಟರ್ಮಿನಲ್ ಒಳಗೆ ಸುಮ್ನೆ ನಡೆದು ಹೋಗುವಂತಿಲ್ಲ. ಅಲ್ಲಿನ ಕೆಲಸಗಾರರಿಗೆ ಟ್ವಿಕ್ ಅನ್ನುವ ಕಾರ್ಡ್ ಇರುತ್ತದೆ, ನಮಗೆ ಇರುವುದಿಲ್ಲ. ಕಾರ್ಡ್ ಇದ್ದವರು ಜೊತೆಗೆ ಬರಬೇಕು.

ಸುಮಾರು 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಒಂದು ಟರ್ಮಿನಲ್. ವೀಸಾ ಇದೆ, ಪರ್ಮಿಟ್ ಇದೆ, ವಾಚ್ ಇಲ್ಲ. ಗೇಟಿಗೆ ನಾನೂರು ಮೀಟರ್ ಇರಬಹುದು. ಬೆಂಗಾವಲು ಗಾಡಿಗೆ ಅವರು ಹೇಳಿದ ದುಡ್ಡು ಮೂವರು ಸೇರಿಸಿದರೂ ಹೊಂದಲಿಲ್ಲ. ಸಂಜೆ ಕೋಣೆಗೆ ಹೋಗದೆ ಹಿಂಭಾಗದ ಡೆಕ್ಕಿನಲ್ಲಿ ಕೂತೆವು. ಬೇಲಿಯ ಆಚೆ ಸೂಪರ್‌ಮಾರ್ಕೆಟ್ಟಿನ ಬೋರ್ಡು ಹೊತ್ತಿಕೊಂಡಿತು. ನನಗೆ ಬೇಕಾಗಿದ್ದದ್ದು ಒಂದು ಫೋನ್ ಕಾರ್ಡು ಮತ್ತು ಹಲ್ಲುಜ್ಜುವ ಬ್ರಶ್ಶು.

ಈಗ ಅದು ಬದಲಾಗಿದೆ. ಅಮೆರಿಕದ ಕೋಸ್ಟ್ ಗಾರ್ಡ್ 2019ರಲ್ಲಿ ನಿಯಮ ಮಾಡಿತು, 2020ರ ಜೂನ್ 1ರಿಂದ ಟರ್ಮಿನಲ್‌ಗಳು ಪಾಲಿಸಬೇಕು. ನಾವಿಕರನ್ನು ಗೇಟಿನ ತನಕ ವಿನಾಕಾರಣ ತಡ ಮಾಡದೆ, ನಾವಿಕರಿಂದ ದುಡ್ಡು ತೆಗೆದುಕೊಳ್ಳದೆ ಕರೆದೊಯ್ಯುವ ವ್ಯವಸ್ಥೆ ಇರಲೇಬೇಕು. ಆದರೆ ಕೇಳದೆ ಗಾಡಿ ಬರುವುದಿಲ್ಲ. ಹಡಗು ಮುಟ್ಟುವ ಮುಂಚಿನ ದಿನವೇ ಎಸ್‌ಎಸ್‌ಒ ಹತ್ತಿರ ಹೋಗಿ, "ಸರ್, ಈ ಟರ್ಮಿನಲ್‌ನಲ್ಲಿ ನಾವಿಕರು ಗೇಟಿಗೆ ಹೋಗುವ ವ್ಯವಸ್ಥೆ ಏನು ಅಂತ ಏಜೆಂಟಿಗೆ ಕೇಳ್ತೀರಾ?" ಅನ್ನಿ. ಏಜೆಂಟ್ ಅಂದರೆ ಆ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವವನು. ಒಬ್ಬರೇ ಕೇಳುವುದಕ್ಕಿಂತ ನಾಲ್ಕು ಜನರ ಹೆಸರು ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಇನ್ನೊಂದು ದಾರಿ, ನಾವಿಕರ ಕ್ಷೇಮ ನೋಡುವ ಸೀಫೇರರ್ಸ್ ಸೆಂಟರಿನ ವ್ಯಾನು. ಹೂಸ್ಟನ್, ನ್ಯೂಯಾರ್ಕ್ ಪಕ್ಕದ ಪೋರ್ಟ್ ನ್ಯೂವಾರ್ಕ್ ಅಂಥ ಕಡೆ ಇವರು ಇದ್ದಾರೆ. ಅವರ ನಂಬರ್ ಹೆಚ್ಚಾಗಿ ಮೆಸ್‌ರೂಮಿನ ಬೋರ್ಡಿನಲ್ಲಿ ಹಳೆಯ ಕ್ಯಾಲೆಂಡರಿನ ಕೆಳಗೆ ಸಿಗುತ್ತದೆ. ಪಾದ್ರಿಗಳೋ ರಿಟೈರಾದ ಹಿರಿಯರೋ ಓಡಿಸುತ್ತಾರೆ. ನಿಮ್ಮ ಧರ್ಮ ಕೇಳುವುದಿಲ್ಲ, ಸಿಮ್ ಬೇಕಾ ಅಂತ ಕೇಳುತ್ತಾರೆ.

ಹೊರಗೆ ಹೋಗುವಾಗ ಶೋರ್ ಪಾಸ್ ಮತ್ತು ಐಡಿ ಜೇಬಿನಲ್ಲಿರಲಿ. ನಮ್ಮ ದೇಶ 2020ರಿಂದ ಮುಖದ ಬಯೋಮೆಟ್ರಿಕ್ ಇರುವ ಹೊಸ ನಾವಿಕ ಗುರುತಿನ ಕಾರ್ಡ್ ಕೊಡುತ್ತಿದೆ, ಸಿಡಿಸಿ, ಅಂದರೆ ನಾವಿಕರ ಸೇವಾ ಪುಸ್ತಕ, ಮಾಡಿಸಿದವರು ಅದನ್ನೂ ಮಾಡಿಸಿಕೊಳ್ಳಿ. ಏಜೆಂಟಿನ ಫೋನ್ ನಂಬರ್, ಜೆಟ್ಟಿಯ ನಂಬರ್ ಕಾಗದದಲ್ಲಿ ಬರೆದುಕೊಳ್ಳಿ. ಫೋನಿನ ಬ್ಯಾಟರಿ ನಂಬಬೇಡಿ. ಟರ್ಮಿನಲ್ ಒಳಗೆ ಫೋಟೋ ತೆಗೆಯಬೇಡಿ.

ತಡೆದರೆ ಗೇಟಿನಲ್ಲಿ ಜಗಳ ಬೇಡ. ಅಲ್ಲಿ ನಿಂತವನೂ ನಮ್ಮ ಹಾಗೇ ರಿಜಿಸ್ಟರ್ ಹಿಡಿದವನು. ದಿನ, ಹೊತ್ತು, ಏನು ಕಾರಣ ಹೇಳಿದ ಅಂತ ಬರೆದುಕೊಂಡು ವಾಪಸ್ ಬನ್ನಿ. ಕ್ಯಾಪ್ಟನ್ನಿಗೆ ಕೊಡಿ, ಕಾರಣ ಬರಹದಲ್ಲಿ ಕೇಳಲು ಹೇಳಿ. ಅಲ್ಲೂ ಆಗದಿದ್ದರೆ ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಯೂನಿಯನ್ ಐಟಿಎಫ್‌ನ ಇನ್‌ಸ್ಪೆಕ್ಟರ್ ಇದ್ದಾರೆ. ಇನ್ನು ಕಂಪನಿಯೇ ತಡೆದರೆ, ಕೋವಿಡ್ ಹೊತ್ತಿನ ನೋಟಿಸು ಇನ್ನೂ ಗೋಡೆ ಮೇಲೇ ಇದ್ದರೆ, ಅದು ಸೆಕ್ಯುರಿಟಿ ಅಲ್ಲ, ಸೋಮಾರಿತನ. ಹಾಗಂತ ಮೆಲ್ಲಗೆ ಹೇಳಿ.

ಮನೆಯವರು ಹಡಗಿಗೆ ಬರುವುದಾದರೆ

2003ರಲ್ಲಿ ನನ್ನ ಹಡಗು ಮಂಗಳೂರಿನ ಪಣಂಬೂರು ಬಂದರಿಗೆ ಬಂದಿತ್ತು. ಏಜೆಂಟ್ ಒಂದು ಚೀಟಿ ಮಾಡಿಸಿಕೊಟ್ಟ, ಅಮ್ಮ ಸೀರೆ ಎತ್ತಿ ಕಟ್ಟಿ ಗ್ಯಾಂಗ್‌ವೇ ಹತ್ತಿದರು. ಸ್ಟೀಲ್ ಡಬ್ಬಿಯಲ್ಲಿ ಕಡುಬು, ಬಂಗುಡೆ ಪುಳಿಮುಂಚಿ. ಫಿಲಿಪ್ಪೀನ್ಸಿನ ಅಡುಗೆಯವನು ಎರಡನೇ ಸಲ ಬಡಿಸಿಕೊಂಡ. 2013ರಲ್ಲಿ ಮತ್ತೆ ಪಣಂಬೂರು. ಹಿಂದಿನ ನೆನಪಿನಲ್ಲೇ ಇದ್ದ ನಾನು ಹಡಗು ಕಟ್ಟಿದ ಮೇಲೆ ಮನೆಯವರ ಹೆಸರು ಕೊಟ್ಟೆ. ಪಾಸಿಗೆ ಬೇಕಾದ ಗುರುತಿನ ಚೀಟಿಯ ಪ್ರತಿಗಳೂ ಇರಲಿಲ್ಲ. ಅವು ಬರುವಷ್ಟರಲ್ಲಿ ಹೊರಡುವ ಹೊತ್ತಾಯಿತು. ತಪ್ಪು ನನ್ನದೇ. ಅಮ್ಮ ಬೀಚಿನ ಕಡೆಯಿಂದ ಹಡಗು ನೋಡಿ ವಾಪಸ್ ಹೋದರು.

ಹಾಗಾಗಿ ಹೆಸರು, ಸಂಬಂಧ, ಗುರುತಿನ ಚೀಟಿಯ ಸ್ಕ್ಯಾನ್ ಎಲ್ಲ ಹಿಂದಿನ ಬಂದರಿನಿಂದಲೇ ಮೇಲ್ ಮಾಡಿಸಿ. ಕ್ಯಾಪ್ಟನ್ ಒಪ್ಪಿಗೆ ಮೊದಲು, ಆಮೇಲೆ ಏಜೆಂಟ್, ಆಮೇಲೆ ಗೇಟು. ಚಿಕ್ಕ ಮಕ್ಕಳ ಹೆಸರೂ ಇರಲಿ. ಅಮ್ಮನಿಗೆ ಕಾಲಿಗೆ ಚಪ್ಪಲಿ ಅಲ್ಲ, ಶೂ ಹಾಕಿಸಿ.

ವಾಚ್ ಒಪ್ಪಿಸುವಾಗ

ಮುಂದಿನವನು ನಿದ್ದೆಗಣ್ಣಿನಲ್ಲಿ ಬರುತ್ತಾನೆ, ನೀವೂ ಓಡುವ ಆತುರದಲ್ಲಿರುತ್ತೀರಿ. ಎರಡು ನಿಮಿಷ ನಿಲ್ಲಿ. ಯಾವ ಹಗ್ಗ ಬಿಗಿ, ಯಾವುದು ಸಡಿಲ. ಲೆವೆಲ್ ಎಷ್ಟು. ಯಾರು ಒಳಗಿದ್ದಾರೆ, ನಮ್ಮವರು ಯಾರು ಹೊರಗಿದ್ದಾರೆ. ವಾಕಿಟಾಕಿಯ ಬ್ಯಾಟರಿ ಬದಲಿಸಿ ಕೊಡಿ. ಆಮೇಲೆ ಅವನ ಎದುರೇ ಬ್ಯಾಡ್ಜ್ ಎಣಿಸಿ. ಹದಿನೈದರಲ್ಲಿ ಹನ್ನೆರಡು ಪೆಟ್ಟಿಗೆಯಲ್ಲಿದ್ದರೆ ರಿಜಿಸ್ಟರಿನಲ್ಲಿ ಮೂರು ಹೆಸರಿಗೆ ಹೋದ ಹೊತ್ತು ಖಾಲಿ ಇರಬೇಕು. ಎರಡೇ ಖಾಲಿ ಇದ್ದರೆ ಮಲಗಲು ಹೋಗಬೇಡಿ, ಆ ಒಂದು ಬ್ಯಾಡ್ಜ್ ಯಾರ ಕುತ್ತಿಗೆಯಲ್ಲಿದೆ ಅಂತ ಇಬ್ಬರೂ ಸೇರಿ ಹುಡುಕಿ.